ಹೇಳಿದ್ದು 20 ಸಾವಿರ, ಪತ್ರದಲ್ಲಿ ಬಂದದ್ದು 13 ಸಾವಿರ: ಪಿಂಚಣಿ ಎಲ್ಲಿ ಕರಗಿತು?

ಪ್ರಶ್ನೆ: ಪೀಣ್ಯದ ಯಂತ್ರೋಪಕರಣ ಕಾರ್ಖಾನೆಯೊಂದಕ್ಕೆ 1996ರ ಸೆಪ್ಟೆಂಬರ್ 1ರಂದು ಸೇರಿ, 58 ತುಂಬಿ 2024ರ ಆಗಸ್ಟ್ 31ರಂದು ನಿವೃತ್ತನಾದೆ. ಕಂಪನಿಗೆ ಸ್ವಂತ ಪಿಎಫ್ ಟ್ರಸ್ಟ್ ಇದೆ. ಪೂರ್ತಿ ಬೇಸಿಕ್ ಮತ್ತು ಡಿಎ ಮೇಲೆ ಪಿಎಫ್ ಕಟ್ಟಿದ್ದೇವೆ. ಹೈಯರ್ ಪೆನ್ಶನ್‌ಗೆ 2023ರಲ್ಲಿ ಜಂಟಿ ಅರ್ಜಿ ಹಾಕಿದ್ದೆ. ಈಗ ತಿಂಗಳಿಗೆ 4,000 ರೂಪಾಯಿ ಪಿಂಚಣಿ ಬರುತ್ತಿದೆ. ಕೊನೆಯ 60 ತಿಂಗಳ ಸರಾಸರಿ ಸಂಬಳ 48,000. ಯೂನಿಯನ್‌ನವರ ಲೆಕ್ಕದಂತೆ 20,571 ಬರಬೇಕಿತ್ತು. ಪಿಎಫ್ ಆಫೀಸಿನ ಪತ್ರದಲ್ಲಿ 12,857 ಎಂದಿದೆ, ಅದಕ್ಕೆ 8 ಲಕ್ಷ 10 ಸಾವಿರ ಕಟ್ಟಬೇಕಂತೆ. 2014ರ ಆಗಸ್ಟ್‌ವರೆಗಿನ ಸರಾಸರಿಯನ್ನು 21,000 ಎಂದು ತೋರಿಸಿದ್ದಾರೆ. ಜೊತೆಯ ಇಬ್ಬರ ಅರ್ಜಿಯನ್ನು ‘ಟ್ರಸ್ಟ್ ನಿಯಮದಲ್ಲಿ ಅವಕಾಶವಿಲ್ಲ’ ಎಂದು ತಿರಸ್ಕರಿಸಿದ್ದಾರೆ. ಇದರ ಮೇಲೆ, ಕೆಲಸದಲ್ಲಿರುವವರ ಎಲ್‌ಐಸಿ ಪಿಂಚಣಿಗೆ ಕಂಪನಿ ಕಟ್ಟುತ್ತಿದ್ದ ಪಾಲನ್ನು ನಿಲ್ಲಿಸುವುದಾಗಿ ನೋಟಿಸ್ ಬೋರ್ಡಿಗೆ ಹಾಕಿದ್ದಾರೆ. ನಾನು ದುಡ್ಡು ಕಟ್ಟಲೇ, ಬಿಡಲೇ? ಯೂನಿಯನ್ ಏನು ಮಾಡಬಹುದು?

ಉತ್ತರ: ನಿಮ್ಮ ಪತ್ರದಲ್ಲಿ ‘ಕಡಿತ’ ಎಂಬ ಹೆಸರಿನಲ್ಲಿ ಮೂರು ಬೇರೆ ಬೇರೆ ತಕರಾರುಗಳಿವೆ. ನಿಮ್ಮ 12,857 ಕೇಂದ್ರದ ಯೋಜನೆಯ ನಿಯಮದಿಂದ ಬಂದದ್ದು. ಗೆಳೆಯರ ಅರ್ಜಿ ಬಿದ್ದದ್ದು ನಿಮ್ಮ ಟ್ರಸ್ಟಿನ ಕಾಗದಪತ್ರದಿಂದ. ಎಲ್‌ಐಸಿ ಪಾಲು ನಿಲ್ಲುವುದು ಕಂಪನಿಯ ತೀರ್ಮಾನದಿಂದ. ಮೊದಲನೆಯದಕ್ಕೆ ಪಿಎಫ್ ಆಫೀಸು, ಎರಡನೆಯದಕ್ಕೆ ಟ್ರಸ್ಟ್ ಮತ್ತು ಹೈಕೋರ್ಟು, ಮೂರನೆಯದಕ್ಕೆ ಕಾರ್ಮಿಕ ಇಲಾಖೆ. ಮೂರನ್ನೂ ಒಂದೇ ಮನವಿಯಲ್ಲಿ ತುಂಬಿ ಎಲ್ಲ ಕಡೆಗೂ ಕಳಿಸಿದರೆ ಎಲ್ಲ ಕಡೆಯಿಂದಲೂ ‘ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಹಿಂಬರಹವೇ ಬರುತ್ತದೆ.

12,857 ಹೇಗೆ ಬಂತು

ನೌಕರರ ಪಿಂಚಣಿ ಯೋಜನೆ ಜಾರಿಗೆ ಬಂದದ್ದು 1995ರ ನವೆಂಬರ್ 16ರಂದು. ಕಂಪನಿ ಕಟ್ಟುವ ಶೇ. 12ರಲ್ಲಿ ಶೇ. 8.33 ಪಿಂಚಣಿ ನಿಧಿಗೆ ಹೋಗುತ್ತದೆ, ಆದರೆ ಮಿತಿಯೊಳಗಿನ ಸಂಬಳದ ಮೇಲೆ ಮಾತ್ರ. ಆ ಮಿತಿ ಮೊದಲು 5,000, 2001ರ ಜೂನ್‌ನಿಂದ 6,500, 2014ರ ಸೆಪ್ಟೆಂಬರ್ 1ರಿಂದ 15,000. ನಿಮ್ಮ ಸಂಬಳ ಎಷ್ಟೇ ಇದ್ದರೂ ಪಿಂಚಣಿಗೆ ಹೋದದ್ದು ತಿಂಗಳಿಗೆ 417, ಆಮೇಲೆ 541, ಆಮೇಲೆ 1,250 ರೂಪಾಯಿ. ಈಗ 4,000 ಬರುತ್ತಿರುವುದು ಇದರ ಫಲ.

ಸೂತ್ರ ಚಿಕ್ಕದು: ಪಿಂಚಣಿಗೆ ಪರಿಗಣಿಸುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು. 20 ವರ್ಷ ಮತ್ತು ಅದಕ್ಕಿಂತ ಹೆಚ್ಚು ಸೇವೆ ಮಾಡಿ 58ಕ್ಕೆ ನಿವೃತ್ತರಾದವರಿಗೆ 2 ವರ್ಷ ಬೋನಸ್. ನಿಮ್ಮದು 28 ವರ್ಷ, ಬೋನಸ್ ಸೇರಿ 30. ಯೂನಿಯನ್‌ನವರು 48,000ವನ್ನು 30ರಿಂದ ಗುಣಿಸಿ 70ರಿಂದ ಭಾಗಿಸಿ 20,571 ಎಂದಿದ್ದಾರೆ. ಗುಣಾಕಾರ, ಭಾಗಾಕಾರ ಸರಿಯಾಗಿಯೇ ಇದೆ, ಬಿಟ್ಟುಹೋದದ್ದು 2014ರ ತಿದ್ದುಪಡಿ.

ಆ ತಿದ್ದುಪಡಿ ಎರಡು ಕೆಲಸ ಮಾಡಿತು. ಕೊನೆಯ 12 ತಿಂಗಳ ಸರಾಸರಿ ಇದ್ದದ್ದನ್ನು 60 ತಿಂಗಳಿಗೆ ಎಳೆಯಿತು. ಜೊತೆಗೆ 2014ರ ಸೆಪ್ಟೆಂಬರ್ 1ರ ಹಿಂದಿನ ಸೇವೆಗೂ ಮುಂದಿನ ಸೇವೆಗೂ ಬೇರೆ ಬೇರೆ ಲೆಕ್ಕ ಹಾಕಬೇಕು ಎಂದಿತು. ನಿಮ್ಮ ಪತ್ರದ ಅಂಕಿಗಳನ್ನು ಹಾಗೆ ಹಾಕಿ ನೋಡೋಣ. ಹಿಂದಿನ 18 ವರ್ಷಕ್ಕೆ 21,000ದಂತೆ 5,400. ಮುಂದಿನ 10 ವರ್ಷಕ್ಕೆ 48,000ದಂತೆ 6,857. ಒಟ್ಟು 12,257. ಪತ್ರದಲ್ಲಿರುವ ಅಂಕಿಗೂ ಇದಕ್ಕೂ 600 ರೂಪಾಯಿ ವ್ಯತ್ಯಾಸ. 21,000ವನ್ನು 2ರಿಂದ ಗುಣಿಸಿ 70ರಿಂದ ಭಾಗಿಸಿದರೆ ಸರಿಯಾಗಿ 600 ಬರುತ್ತದೆ. ಅಂದರೆ ನಿಮ್ಮ ಬೋನಸ್ ವರ್ಷ ಎರಡನ್ನೂ ಹಳೆಯ, ಕಡಿಮೆ ಸಂಬಳದ ಭಾಗಕ್ಕೆ ಸೇರಿಸಿದ್ದಾರೆ.

ಇದನ್ನು ಹಿಡಿದುಕೊಳ್ಳಿ. ಅದೇ 2 ವರ್ಷವನ್ನು ಎರಡನೆಯ ಭಾಗಕ್ಕೆ ಸೇರಿಸಿದರೆ 1,371 ಆಗುತ್ತದೆ, ಪಿಂಚಣಿ 13,628ಕ್ಕೆ ಏರುತ್ತದೆ. ತಿಂಗಳಿಗೆ 771 ರೂಪಾಯಿ, ಬದುಕಿರುವಷ್ಟು ಕಾಲ. ಬೋನಸ್ ಹಕ್ಕು ಹುಟ್ಟುವುದೇ 58ಕ್ಕೆ ನಿವೃತ್ತಿಯಾದ ದಿನ; ಅದನ್ನು 2014ರ ಹಿಂದಕ್ಕೆ ತಳ್ಳಲು ಯೋಜನೆಯ ಯಾವ ಕಲಂ ಆಧಾರ ಎಂದು ಬರಹದಲ್ಲಿ ಕೇಳಿ. ಇಡೀ ವಿಭಜನೆಯನ್ನೇ ಪ್ರಶ್ನಿಸುವುದಕ್ಕಿಂತ ಇದು ಚಿಕ್ಕ ಜಗಳ, ಆದರೆ ಕಚೇರಿ ಮಟ್ಟದಲ್ಲೇ ಗೆಲ್ಲುವ ಸಾಧ್ಯತೆ ಇರುವ ಜಗಳ.

ವಿಭಜನೆಯನ್ನೇ ಪ್ರಶ್ನಿಸಬಹುದೇ? ಹಿನ್ನೆಲೆ ಇಷ್ಟು. 1996ರಲ್ಲಿ ಯೋಜನೆಗೆ ಒಂದು ಅವಕಾಶ ಸೇರಿತ್ತು: ನೌಕರ ಮತ್ತು ಕಂಪನಿ ಜಂಟಿಯಾಗಿ ಕೇಳಿದರೆ ಪೂರ್ತಿ ಸಂಬಳದ ಮೇಲೆ ಪಿಂಚಣಿ ವಂತಿಗೆ ಕಟ್ಟಬಹುದು. 2014ರಲ್ಲಿ ಅದನ್ನು ತೆಗೆದರು. 2018ರಲ್ಲಿ ಕೇರಳ ಹೈಕೋರ್ಟು ಆ ತಿದ್ದುಪಡಿಯನ್ನೇ ಹೊಡೆದುಹಾಕಿತು. 2022ರ ನವೆಂಬರ್ 4ರಂದು ಸುಪ್ರೀಂ ಕೋರ್ಟು ಸುನಿಲ್ ಕುಮಾರ್ ಪ್ರಕರಣದಲ್ಲಿ ತಿದ್ದುಪಡಿಯನ್ನು ಬಹುಮಟ್ಟಿಗೆ ಎತ್ತಿಹಿಡಿದು, 2014ರ ಸೆಪ್ಟೆಂಬರ್ 1ರಂದು ಸೇವೆಯಲ್ಲಿದ್ದವರಿಗೆ ಆಯ್ಕೆಗೆ ಮತ್ತೊಂದು ಅವಕಾಶ ಕೊಟ್ಟಿತು. ನಿಮ್ಮ 2023ರ ಜಂಟಿ ಅರ್ಜಿ ಹುಟ್ಟಿದ್ದು ಇದರಿಂದ. 60 ತಿಂಗಳ ಸರಾಸರಿಯೂ ಆ ತೀರ್ಪಿನಲ್ಲಿ ಉಳಿದುಕೊಂಡಿತು, ಹಾಗಾಗಿ 12 ತಿಂಗಳ ಸರಾಸರಿ ಕೊಡಿ ಎಂದು ಕೇಳಿ ಪ್ರಯೋಜನವಿಲ್ಲ.

ಎರಡು ಭಾಗದ ಲೆಕ್ಕದ ವಿಷಯದಲ್ಲಿ ಕಾರ್ಮಿಕರ ಕಡೆಗೂ ಒಂದು ವಾದವಿದೆ. ಆ ಕಲಮಿನ ಒಕ್ಕಣೆ ಹೇಳುವುದು ‘ಗರಿಷ್ಠ 6,500’ ಮತ್ತು ‘ಗರಿಷ್ಠ 15,000’ ಎಂದು. ಅದು ಮಿತಿಯೊಳಗೆ ಕಟ್ಟಿದವರಿಗಾಗಿ ಬರೆದ ಲೆಕ್ಕ. ಮಿತಿ ಮೀರಿ ಎರಡೂ ಅವಧಿಗೆ ಬಡ್ಡಿ ಸಮೇತ ಹಣ ಕಟ್ಟಿದವನಿಗೆ ಆ ಎರಡು ಮಿತಿಗಳೇ ಅನ್ವಯಿಸದಿದ್ದಾಗ ವಿಭಜನೆ ಮಾತ್ರ ಹೇಗೆ ಅನ್ವಯಿಸುತ್ತದೆ ಎಂಬುದು ಪ್ರಶ್ನೆ. ವಾದದಲ್ಲಿ ಹುರುಳಿದೆ. ಆದರೆ ಇದು ಕೋರ್ಟಿನಲ್ಲಿ ಇತ್ಯರ್ಥವಾಗಬೇಕಾದದ್ದು, ಪ್ರಾದೇಶಿಕ ಕಚೇರಿಯ ಅಧಿಕಾರಿ ತನ್ನ ಮಟ್ಟದಲ್ಲಿ ಬದಲಿಸಲಾರ. ಮನೆಯ ಖರ್ಚನ್ನು 12,857ರ ಮೇಲೆ ಹಾಕಿಕೊಳ್ಳಿ, 20,571ರ ಮೇಲೆ ಬೇಡ.

ಯೂನಿಯನ್ ಕಚೇರಿಗಳಿಗೆ ಇಲ್ಲೊಂದು ಮಾತು ಹೇಳಲೇಬೇಕು. 2023ರಲ್ಲಿ ಅರ್ಜಿ ತುಂಬಿಸುವ ಅವಸರದಲ್ಲಿ ಎಷ್ಟೋ ಕಡೆ ಹಂಚಿದ ಒಂದು ಹಾಳೆಯ ಲೆಕ್ಕದಲ್ಲಿ ಈ ವಿಭಜನೆ ಇರಲೇ ಇಲ್ಲ. ವಾಟ್ಸ್ಯಾಪಿನಲ್ಲಿ ಓಡಾಡಿದ ಆ ಅಂಕಿ ‘ಸರ್ಕಾರ ಕೊಟ್ಟ ಮಾತು’ ಎಂದಾಯಿತು. ಯೋಜನೆಯಲ್ಲಿ ಇಲ್ಲದ್ದನ್ನು ಕೋರ್ಟಿನ ಮುಂದೆ ಕಡಿತ ಎಂದು ವಾದಿಸಲು ಬರುವುದಿಲ್ಲ.

ಬೇಡಿಕೆ ಪತ್ರವನ್ನು ಹೇಗೆ ಪರೀಕ್ಷಿಸಬೇಕು

ಪೂರ್ತಿ ಸಂಬಳದ ಲೆಕ್ಕದಲ್ಲಿ ಪಿಂಚಣಿ ನಿಧಿಗೆ ಹೋಗಬೇಕಿದ್ದ ಬಾಕಿ ವಂತಿಗೆ ಮತ್ತು ಅದರ ಬಡ್ಡಿ ಸೇರಿದ್ದೇ ಈ ಬೇಡಿಕೆ. 8 ಲಕ್ಷ 10 ಸಾವಿರ ಎಂಬ ಒಟ್ಟು ಮೊತ್ತ ನೋಡಿ ಬೆಚ್ಚಿ ಕೂರಬೇಡಿ, ಒಪ್ಪಿಗೆಯನ್ನೂ ಕೊಡಬೇಡಿ. ತಿಂಗಳುವಾರು ಪಟ್ಟಿ ಕೇಳಿ. ಅದಿಲ್ಲದೆ ತಪ್ಪು ಹಿಡಿಯಲಾಗದು.

ಪಟ್ಟಿ ಬಂದ ಮೇಲೆ ಎರಡು ತಿಂಗಳು ಆರಿಸಿಕೊಂಡು ಕೈಯಲ್ಲೇ ಲೆಕ್ಕ ಹಾಕಿ. 2010ರ ಒಂದು ತಿಂಗಳು ನಿಮ್ಮ ಸಂಬಳ 18,000 ಇತ್ತು ಎಂದಿಟ್ಟುಕೊಳ್ಳಿ. ಮಿತಿ 6,500 ಕಳೆದರೆ 11,500, ಅದರ ಶೇ. 8.33 ಅಂದರೆ 958 ರೂಪಾಯಿ. 18,000ದ ಮೇಲೆಯೇ ಹಾಕಿ 1,499 ಎಂದು ತೋರಿಸಿದ್ದರೆ ಆಗಲೇ ಹೋಗಿದ್ದ 541ನ್ನು ಕಳೆದಿಲ್ಲ ಎಂದರ್ಥ. ಇನ್ನೊಂದು ತಿಂಗಳನ್ನು ನಿವೃತ್ತಿಯ ಸಮೀಪದ್ದು ಆರಿಸಿ: 48,000ದಲ್ಲಿ 15,000 ಕಳೆದರೆ 33,000, ಶೇ. 8.33ರಂತೆ 2,749. ಇದರ ಜೊತೆಗೆ 15,000 ಮೀರಿದ ಸಂಬಳದ ಮೇಲಿನ ಹೆಚ್ಚುವರಿ ವಂತಿಗೆ ಶೇ. 1.16, ಅಂದರೆ 383 ರೂಪಾಯಿ. ಈ 1.16 ಬರಬೇಕಾದದ್ದು 2014ರ ಸೆಪ್ಟೆಂಬರ್‌ನಿಂದ ಮಾತ್ರ. ಅದಕ್ಕೆ ಹಿಂದಿನ ಯಾವುದೇ ತಿಂಗಳಲ್ಲಿ ಕಂಡರೆ ಪೆನ್ಸಿಲಿನಿಂದ ಸುತ್ತು ಹಾಕಿ.

ಈ 1.16ರ ಕತೆ ಸ್ವಲ್ಪ ವಿಚಿತ್ರ. ನೌಕರನೇ ಹೆಚ್ಚುವರಿಯಾಗಿ ಕೊಡಬೇಕೆಂಬ 2014ರ ಷರತ್ತನ್ನು ಸುಪ್ರೀಂ ಕೋರ್ಟು ಅಸಿಂಧು ಎಂದಿತು. 2023ರ ಮೇ 3ರ ಅಧಿಸೂಚನೆಯಲ್ಲಿ ಕೇಂದ್ರ ಕಾರ್ಮಿಕ ಸಚಿವಾಲಯ ಅದನ್ನು ಕಂಪನಿಯ ಶೇ. 12ರ ಪಾಲಿನಿಂದಲೇ ತೆಗೆಯಬೇಕು ಎಂದಿತು. ಕೇಳಲು ಚೆನ್ನಾಗಿದೆ. ಆದರೆ ಕಂಪನಿಯ ಆ ಪಾಲು ಆಗಲೇ ನಿಮ್ಮ ಪಿಎಫ್ ಖಾತೆಗೆ ಬಿದ್ದು, ನಿವೃತ್ತಿಯಲ್ಲಿ ನಿಮ್ಮ ಕೈಗೆ ಬಂದಿರುವುದರಿಂದ ಕೊನೆಗೆ ಹೋಗುವುದು ನಿಮ್ಮ ಜೇಬಿನಿಂದಲೇ.

ಬಡ್ಡಿಯ ಕಾಲಂ ಇನ್ನೂ ಮುಖ್ಯ, ಏಕೆಂದರೆ ಹಳೆಯ ವರ್ಷಗಳಲ್ಲಿ ಅಸಲಿಗಿಂತ ಬಡ್ಡಿಯೇ ದೊಡ್ಡದು. ಯಾವ ವರ್ಷಕ್ಕೆ ಯಾವ ದರ ಹಾಕಿದ್ದಾರೆ ಎಂಬುದನ್ನು ಟ್ರಸ್ಟ್ ನಿಮಗೆ ಕೊಟ್ಟ ವಾರ್ಷಿಕ ಪಿಎಫ್ ಚೀಟಿಗಳ ಜೊತೆ ಹೋಲಿಸಿ.

ಯೂನಿಯನ್ ಇರುವ ಕಾರ್ಖಾನೆಗಳಲ್ಲಿ ಮಾತ್ರ ಕಾಣುವ ಎರಡು ತೊಡಕುಗಳಿವೆ. ಒಂದು, ದೀರ್ಘಾವಧಿ ವೇತನ ಒಪ್ಪಂದದ ಬಾಕಿ. ಒಪ್ಪಂದ ತಡವಾಗಿ ಆಗಿ ಎರಡು ಮೂರು ವರ್ಷದ ಬಾಕಿ ಒಂದೇ ತಿಂಗಳು ಬಂದಿರುತ್ತದೆ. ಕಂಪನಿ ಅದನ್ನು ಬಂದ ತಿಂಗಳಿಗೇ ತೋರಿಸಿದರೆ ಪಿಎಫ್ ಆಫೀಸಿನಲ್ಲಿ ‘ಸಂಬಳ ಹೊಂದಿಕೆಯಾಗುತ್ತಿಲ್ಲ’ ಎಂಬ ಆಕ್ಷೇಪ ಬರುತ್ತದೆ, ಅಥವಾ ಬಾಕಿಯನ್ನೇ ಸರಾಸರಿಯಿಂದ ಬಿಟ್ಟುಬಿಡುತ್ತಾರೆ. ಆಯಾ ತಿಂಗಳಿಗೆ ಹಂಚಿದ ಪಟ್ಟಿಯನ್ನು ಕಂಪನಿ ಸಹಿ ಹಾಕಿ ಕೊಡಬೇಕು.

ಇನ್ನೊಂದು, ಮುಷ್ಕರ ಮತ್ತು ಬೀಗಮುದ್ರೆಯ ದಿನಗಳು. ವಂತಿಗೆ ಇಲ್ಲದ ದಿನಗಳನ್ನು ಪಿಎಫ್ ದಾಖಲೆಯಲ್ಲಿ ಎನ್‌ಸಿಪಿ ದಿನ ಎಂದು ಬರೆದು ಸೇವೆಯಿಂದ ಕಳೆಯುತ್ತಾರೆ. ಯೋಜನೆಯ ಪ್ರಕಾರ 6 ತಿಂಗಳು ಮತ್ತು ಮೇಲ್ಪಟ್ಟ ತುಂಡು ಅವಧಿ ಒಂದು ಪೂರ್ತಿ ವರ್ಷ, ಅದಕ್ಕಿಂತ ಕಡಿಮೆಯಾದರೆ ಸೊನ್ನೆ. ಹಾಗಾಗಿ ಒಂದು ತಿಂಗಳ ಎನ್‌ಸಿಪಿ ಕೆಲವರ ಪಾಲಿಗೆ ಒಂದು ವರ್ಷವನ್ನೇ ತಿನ್ನಬಹುದು; ನಿಮ್ಮ ಸಂಬಳಕ್ಕೆ ಅದು ತಿಂಗಳಿಗೆ 686 ರೂಪಾಯಿ. ನಿವ್ವಳ ಸೇವೆ 20 ವರ್ಷದ ಕೆಳಗೆ ಜಾರಿದರೆ ಬೋನಸ್ಸೂ ಹೋಗುತ್ತದೆ. ಬೀಗಮುದ್ರೆ ತೆರವಾದಾಗ ಆ ಅವಧಿಗೆ ಸಂಬಳ ಕೊಡುವ ಒಪ್ಪಂದವಾಗಿದ್ದರೆ ಆ ದಿನಗಳು ಎನ್‌ಸಿಪಿ ಆಗಬಾರದು. ಒಪ್ಪಂದದ ಪ್ರತಿ ಯೂನಿಯನ್ ಕಪಾಟಿನಲ್ಲೇ ಇರುತ್ತದೆ, ಹುಡುಕಿಸಿ.

ನಿಮಗೆ ಅನ್ವಯಿಸದಿದ್ದರೂ 60ಕ್ಕೆ ನಿವೃತ್ತಿ ಇರುವ ಕಾರ್ಖಾನೆಗಳವರು ಇನ್ನೊಂದನ್ನು ನೋಡಬೇಕು. ಪಿಂಚಣಿ ಸದಸ್ಯತ್ವ 58ಕ್ಕೇ ಮುಗಿಯುತ್ತದೆ. ಆಮೇಲೂ ಕಂಪನಿ ಅಭ್ಯಾಸಬಲದಿಂದ 1,250 ಕಟ್ಟಿದ್ದರೆ ಆ ಹಣ ಪಿಎಫ್ ಖಾತೆಗೆ ಮರಳಬೇಕು, 60 ತಿಂಗಳ ಸರಾಸರಿಯನ್ನೂ 58ರಿಂದ ಹಿಂದಕ್ಕೆ ಎಣಿಸಬೇಕು.

ಯಾರನ್ನು ಕೇಳಬೇಕು

ನಿಮ್ಮ ಪಿಎಫ್ ಸಂಖ್ಯೆಯ ಮೊದಲ ಐದು ಅಕ್ಷರ ನೋಡಿ. ಪಿವೈಪಿಎನ್‌ವೈ ಇದ್ದರೆ ಪೀಣ್ಯ, ಪಿವೈಬಿಒಎಂ ಬೊಮ್ಮಸಂದ್ರ, ಪಿವೈಕೆಆರ್‌ಪಿ ಕೆ.ಆರ್. ಪುರ, ಬಿಜಿಬಿಎನ್‌ಜಿ ಬೆಂಗಳೂರು ಕಚೇರಿ. ರಿಚ್ಮಂಡ್ ವೃತ್ತದ ಹತ್ತಿರದ ಭವಿಷ್ಯ ನಿಧಿ ಭವನಕ್ಕೆ ಎಲ್ಲರೂ ಹೋಗಿ ಸಾಲು ನಿಲ್ಲುವುದು ರೂಢಿ, ಆದರೆ ಕಡತ ಇರುವುದು ನಿಮ್ಮ ಸಂಸ್ಥೆಯ ಸಂಕೇತ ಯಾವ ಪ್ರಾದೇಶಿಕ ಕಚೇರಿಯದೋ ಅಲ್ಲಿ.

ಮೊದಲು ಪಿಂಚಣಿ ವಿಭಾಗಕ್ಕೆ ಲಿಖಿತ ಮನವಿ, ಸ್ವೀಕೃತಿ ಮೊಹರಿನೊಂದಿಗೆ. ಅದೇ ವಿಷಯವನ್ನು ಪಿಪಿಒ (ಪಿಂಚಣಿ ಪಾವತಿ ಆದೇಶ) ಸಂಖ್ಯೆ ಹಾಕಿ ಪಿಎಫ್‌ನ ಆನ್‌ಲೈನ್ ದೂರು ವ್ಯವಸ್ಥೆಯಲ್ಲೂ ದಾಖಲಿಸಿ. ಒಂದು ದೂರಿಗೆ ಒಂದೇ ವಿಷಯ ಇರಲಿ; ನಾಲ್ಕು ಕೇಳಿದರೆ ಸುಲಭವಾದ ಒಂದಕ್ಕೆ ಉತ್ತರ ಬರೆದು ದೂರನ್ನು ಮುಗಿಸಿಬಿಡುತ್ತಾರೆ. ಪ್ರತಿ ತಿಂಗಳ 27ರಂದು ನಡೆಯುವ ‘ನಿಧಿ ಆಪ್ಕೆ ನಿಕಟ್’ ಶಿಬಿರಕ್ಕೆ ಪಟ್ಟಿ ಹಿಡಿದು ಹೋಗಬಹುದು. ಉತ್ತರ ಜಾರಿಕೆಯದಾದರೆ ಮಾಹಿತಿ ಹಕ್ಕು ಅರ್ಜಿ: 10 ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ, ಬಾರದಿದ್ದರೆ ಮತ್ತೆ 30 ದಿನದೊಳಗೆ ಮೊದಲ ಮೇಲ್ಮನವಿ.

ಅರ್ಜಿಯಲ್ಲಿ ‘ನನಗೆ ಏಕೆ ಕಡಿಮೆ ಬಂತು’ ಎಂದು ಕೇಳಬೇಡಿ. ಏಕೆ ಎಂಬ ಪ್ರಶ್ನೆ ಮಾಹಿತಿಯಲ್ಲ ಎಂದು ತಳ್ಳಿಹಾಕಬಹುದು. ದಾಖಲೆ ಕೇಳಿ: ‘ನನ್ನ ಪಿಂಚಣಿ ಲೆಕ್ಕದ ಹಾಳೆಯ ದೃಢೀಕೃತ ಪ್ರತಿ, 2014ರ ಆಗಸ್ಟ್ 31ರವರೆಗಿನ ಮತ್ತು ಅನಂತರದ ಸೇವೆ, ಎರಡೂ ಅವಧಿಯ ಸರಾಸರಿ ಸಂಬಳ ತೆಗೆದ ತಿಂಗಳುಗಳ ಪಟ್ಟಿ, ಕಳೆದ ಎನ್‌ಸಿಪಿ ದಿನಗಳ ವರ್ಷವಾರು ವಿವರ, 2 ವರ್ಷದ ಹೆಚ್ಚುವರಿ ಸೇವೆಯನ್ನು ಒಂದು ಅವಧಿಗೆ ಸೇರಿಸಲು ಆಧಾರವಾದ ಸುತ್ತೋಲೆಯ ಪ್ರತಿ.’

ಬರೀ ಲೆಕ್ಕದ ತಪ್ಪಾಗಿದ್ದು ಕಚೇರಿ ಸರಿಪಡಿಸದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಪಿಎಫ್ ಸದಸ್ಯನೂ ಗ್ರಾಹಕನೇ ಎಂದು ಶಿವಕುಮಾರ್ ಜೋಶಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿಯಾಗಿದೆ. ದೂರಿಗೆ ಗಡುವು 2 ವರ್ಷ. ನಿಯಮದ ಸಿಂಧುತ್ವವನ್ನು ಪ್ರಶ್ನಿಸುವುದಾದರೆ ಗ್ರಾಹಕ ಆಯೋಗದಲ್ಲಿ ಕಾಲ ಕಳೆಯಬೇಡಿ, ಅದಕ್ಕೆ ಹೈಕೋರ್ಟಿನ ರಿಟ್ ಅರ್ಜಿಯೇ ದಾರಿ. ಒಬ್ಬೊಬ್ಬರೇ ಹೋಗುವ ಬದಲು ಒಂದೇ ಬಗೆಯ ಆದೇಶ ಪಡೆದವರು ಒಟ್ಟಾಗಿ ಹೋದರೆ ವಕೀಲರ ಶುಲ್ಕ ಹಂಚಿಹೋಗುತ್ತದೆ.

ಕಟ್ಟಬೇಕೇ?

ಈಗ 4,000 ಬರುತ್ತಿದೆ, ಕಟ್ಟಿದರೆ 12,857. ಹೆಚ್ಚಾಗುವುದು 8,857. 8 ಲಕ್ಷ 10 ಸಾವಿರ ಹಿಂದಿರುಗಲು ಸುಮಾರು 91 ತಿಂಗಳು, ಅಂದರೆ ಏಳೂವರೆ ವರ್ಷ. ನಿವೃತ್ತಿಯ ದಿನದಿಂದ ಬಾಕಿ ಬರುವುದರಿಂದ 2024ರ ಸೆಪ್ಟೆಂಬರ್‌ನಿಂದಲೇ ಎಣಿಸಬಹುದು. ನಿಮಗೆ 66 ಆಗುವ ಹೊತ್ತಿಗೆ ಅಸಲು ವಾಪಸ್. 20,571 ಬಂದಿದ್ದರೆ ನಾಲ್ಕು ವರ್ಷ ಸಾಕಿತ್ತು. ಅರ್ಜಿ ಹಾಕುವಾಗ ಕಣ್ಣು ಮುಚ್ಚಿ ‘ಹೌದು’ ಎನ್ನಬಹುದಾಗಿದ್ದ ವ್ಯವಹಾರ ಈಗ ಕೂತು ಯೋಚಿಸುವಂಥದ್ದಾಗಿದೆ.

ಎದುರು ಪಕ್ಷದ ಲೆಕ್ಕವನ್ನೂ ನೋಡಿ. ಅದೇ ಹಣವನ್ನು 60 ತುಂಬಿದ ಮೇಲೆ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಶೇ. 8.2ರ ದರದಲ್ಲಿ ಇಟ್ಟರೆ ವರ್ಷಕ್ಕೆ 66,420, ತಿಂಗಳಿಗೆ 5,535 ಬರುತ್ತದೆ, ಅಸಲು ನಿಮ್ಮದೇ ಆಗಿ ಉಳಿಯುತ್ತದೆ. ಪಿಂಚಣಿ ಅದಕ್ಕಿಂತ 3,322 ಹೆಚ್ಚು ಕೊಡುತ್ತದೆ, ಅಸಲು ಮಾತ್ರ ಹೋದಂತೆಯೇ. ಈ ಪಿಂಚಣಿಗೆ ತುಟ್ಟಿಭತ್ಯೆ ಇಲ್ಲ; 70ರಲ್ಲೂ 80ರಲ್ಲೂ ಅದೇ 12,857. ನಿಮ್ಮ ಅನಂತರ ಹೆಂಡತಿಗೆ ಅರ್ಧ, 6,428 ರೂಪಾಯಿ. ಅವರ ಕಾಲಾನಂತರ ಮಕ್ಕಳಿಗೆ 25 ದಾಟಿದ್ದರೆ ಏನೂ ಇಲ್ಲ.

ಬಡ್ಡಿದರ 5 ವರ್ಷದ ಆಚೆ ಇಷ್ಟೇ ಇರುತ್ತದೆಂಬ ಖಾತರಿ ಇಲ್ಲ, ಪಿಂಚಣಿ ಜೀವನಪರ್ಯಂತ. ಆರೋಗ್ಯ ಚೆನ್ನಾಗಿದ್ದು, ಹೆಂಡತಿ ನಿಮಗಿಂತ ಐದಾರು ವರ್ಷ ಚಿಕ್ಕವರಾಗಿದ್ದು, ಹಣ ಈಗಾಗಲೇ ಕೈಯಲ್ಲಿದ್ದರೆ ಕಟ್ಟುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಸಾಲ ಮಾಡಿ ಅಥವಾ ಮನೆಯ ನಿವೇಶನ ಮಾರಿ ಕಟ್ಟುವುದಾದರೆ ಬೇಡ. ಹೃದಯದ, ಮೂತ್ರಪಿಂಡದ ಕಾಯಿಲೆ ಇದ್ದವರಿಗೆ ಕೈಯಲ್ಲಿರುವ 8 ಲಕ್ಷವೇ ಹೆಚ್ಚು ಉಪಯುಕ್ತ. ಏನೇ ಆಗಲಿ, ಪತ್ರದ ಗಡುವಿನೊಳಗೆ ‘ತಿಂಗಳುವಾರು ಪಟ್ಟಿ ಕೊಡಿ, ಅದುವರೆಗೆ ಗಡುವು ವಿಸ್ತರಿಸಿ’ ಎಂದು ಬರೆದು ಸ್ವೀಕೃತಿ ಇಟ್ಟುಕೊಳ್ಳಿ. ಸುಮ್ಮನಿದ್ದರೆ ಅದನ್ನೇ ನಿರಾಕರಣೆ ಎಂದು ಬರೆದುಕೊಳ್ಳುತ್ತಾರೆ. ಕಟ್ಟುವುದಾದರೂ ‘ಲೆಕ್ಕದ ವಿಧಾನವನ್ನು ಪ್ರಶ್ನಿಸುವ ಹಕ್ಕನ್ನು ಉಳಿಸಿಕೊಂಡು ಕಟ್ಟುತ್ತಿದ್ದೇನೆ’ ಎಂಬ ಒಂದು ಸಾಲು ಒಪ್ಪಿಗೆ ಪತ್ರದ ಜೊತೆ ಇರಲಿ.

ಗೆಳೆಯರ ಅರ್ಜಿ

ಸ್ವಂತ ಟ್ರಸ್ಟ್ ಇರುವ ಕಂಪನಿಗೆ ವಿನಾಯಿತಿ ಇರುವುದು ಪಿಎಫ್ ಹಣ ನೋಡಿಕೊಳ್ಳುವುದಕ್ಕೆ. ಪಿಂಚಣಿಯ ಶೇ. 8.33 ಮೊದಲಿಂದಲೂ ಪಿಎಫ್ ಸಂಘಟನೆಗೇ ಹೋಗುತ್ತಿತ್ತು. ಪೂರ್ತಿ ಸಂಬಳದ ಮೇಲೆ ಪಿಎಫ್ ಕಟ್ಟಲು ಟ್ರಸ್ಟಿನ ನಿಯಮಾವಳಿಯಲ್ಲಿ ಅವಕಾಶ ಇರಲಿಲ್ಲ, ಆದ್ದರಿಂದ ಹೆಚ್ಚಿನ ಪಿಂಚಣಿಯೂ ಇಲ್ಲ ಎಂಬುದು ತಿರಸ್ಕಾರದ ತರ್ಕ. ಒಂದೇ ಟ್ರಸ್ಟಿನಲ್ಲಿ ನಿಮ್ಮದು ಒಪ್ಪಿಗೆಯಾಗಿ ಅವರದು ಬಿದ್ದಿರುವುದೇ ಅವರ ಮೊದಲ ವಾದ. ನಿಮ್ಮ ಬೇಡಿಕೆ ಪತ್ರದ ಪ್ರತಿಯನ್ನು ಅವರಿಗೆ ಕೊಡಿ.

ಎರಡನೆಯ ವಾದ 2022ರ ತೀರ್ಪಿನಲ್ಲೇ ಇದೆ: ವಿನಾಯಿತಿ ಪಡೆದ ಸಂಸ್ಥೆಗಳ ನೌಕರರಿಗೂ ತಿದ್ದುಪಡಿಗಳು ಉಳಿದವರಿಗೆ ಅನ್ವಯಿಸುವ ರೀತಿಯಲ್ಲೇ ಅನ್ವಯಿಸುತ್ತವೆ ಎಂದು ಕೋರ್ಟು ಸ್ಪಷ್ಟವಾಗಿ ಹೇಳಿದೆ. ಮೂರನೆಯದನ್ನು ಹೆಚ್ಚಿನವರು ಬಳಸುವುದೇ ಇಲ್ಲ. ಪಿಎಫ್ ಯೋಜನೆಯ 27ಎಎ ಕಂಡಿಕೆಯ ಷರತ್ತುಗಳ ಪ್ರಕಾರ, ಮೂಲ ಯೋಜನೆಗೆ ಬಂದ ತಿದ್ದುಪಡಿ ಟ್ರಸ್ಟ್ ನಿಯಮಕ್ಕಿಂತ ನೌಕರರಿಗೆ ಹೆಚ್ಚು ಲಾಭದಾಯಕವಾಗಿದ್ದರೆ, ಟ್ರಸ್ಟ್ ನಿಯಮ ತಿದ್ದುವವರೆಗೆ ಕಾಯದೆ ಅದು ತಾನಾಗಿ ಅನ್ವಯಿಸುತ್ತದೆ. ಟ್ರಸ್ಟಿನ ಹಳೆಯ ಪುಸ್ತಕದಲ್ಲಿ ಒಂದು ಸಾಲು ಇಲ್ಲ ಎನ್ನುವುದನ್ನು ನೌಕರನ ವಿರುದ್ಧ ತಿರುಗಿಸುವುದಕ್ಕೆ ಈ ಷರತ್ತು ಅಡ್ಡ ಬರುತ್ತದೆ.

ಕಾಗದಗಳಲ್ಲಿ ಮುಖ್ಯವಾದವು: ಟ್ರಸ್ಟಿನ ನಿಯಮಾವಳಿ ಮತ್ತು ಅದರ ಎಲ್ಲ ತಿದ್ದುಪಡಿಗಳು, ಪೂರ್ತಿ ಸಂಬಳದ ಮೇಲೆ ವಂತಿಗೆ ಕಡಿದದ್ದು ಕಾಣುವ ವಾರ್ಷಿಕ ಚೀಟಿಗಳು, ಪೂರ್ತಿ ಸಂಬಳದ ಮೇಲೆ ಪಿಎಫ್ ಕಟ್ಟಲು ಪಿಎಫ್ ಯೋಜನೆಯ 26(6) ಕಂಡಿಕೆಯಡಿ ಸಲ್ಲಿಸಿದ ಜಂಟಿ ಕೋರಿಕೆಯ ಪ್ರತಿ ಇದ್ದರೆ ಅದು, ಮತ್ತು ಪಿಎಫ್ ಇಲಾಖೆ ಟ್ರಸ್ಟ್ ಲೆಕ್ಕವನ್ನು ತಪಾಸಣೆ ಮಾಡಿದ ವರದಿಗಳು. ವರ್ಷಾನುಗಟ್ಟಲೆ ಪೂರ್ತಿ ಸಂಬಳದ ವಂತಿಗೆಯನ್ನು ತಪಾಸಣೆಯಲ್ಲಿ ನೋಡಿಯೂ ಆಕ್ಷೇಪಿಸದ ಇಲಾಖೆ ಈಗ ನಿಯಮದಲ್ಲಿ ಅವಕಾಶವೇ ಇರಲಿಲ್ಲ ಎಂದರೆ ನ್ಯಾಯಾಧೀಶರು ಕಾರಣ ಕೇಳುತ್ತಾರೆ. ಟ್ರಸ್ಟಿನ ಮಂಡಳಿಯಲ್ಲಿ ನೌಕರರ ಪ್ರತಿನಿಧಿಗಳೂ ಇರುತ್ತಾರೆ. ನಿಯಮಾವಳಿ ತರಿಸಲು ಅವರಿಗೆ ಯಾರ ಅಪ್ಪಣೆಯೂ ಬೇಕಿಲ್ಲ.

ನೋಟಿಸ್ ಬೋರ್ಡಿನ ಕಾಗದ

ಯೂನಿಯನ್‌ಗೆ ಇರುವ ಮೂರರಲ್ಲಿ ಗಟ್ಟಿಯಾದ ಪ್ರಕರಣ ಇದು. ಎಲ್‌ಐಸಿ ಗುಂಪು ಪಿಂಚಣಿಯ ಪಾಲು ವೇತನ ಒಪ್ಪಂದದಲ್ಲಿ ಬರೆದಿದ್ದರೆ ಅದು ಕಂಪನಿಯ ಔದಾರ್ಯವಲ್ಲ, ಸೇವಾ ಷರತ್ತು. ಪಿಂಚಣಿ ನಿಧಿಗೆ ಕೊಡುವ ವಂತಿಗೆಯನ್ನು ಬದಲಿಸುವ ಮುನ್ನ 21 ದಿನದ ಬದಲಾವಣೆ ನೋಟಿಸ್ ಕೊಡಬೇಕೆಂದು ಕೈಗಾರಿಕಾ ವಿವಾದ ಕಾಯ್ದೆಯ 9ಎ ಹೇಳುತ್ತಿತ್ತು. 2025ರ ನವೆಂಬರ್ 21ರಿಂದ ಜಾರಿಯಾದ ಕೈಗಾರಿಕಾ ಸಂಬಂಧಗಳ ಸಂಹಿತೆಯ 40ನೇ ಕಲಮೂ ಅದನ್ನೇ ಹೇಳುತ್ತದೆ. ಬೋರ್ಡಿಗೆ ಅಂಟಿಸಿದ ಒಂದು ಪ್ಯಾರಾ ಆ ನೋಟಿಸ್ ಅಲ್ಲ. ಒಪ್ಪಂದದ ಅವಧಿ ಮುಗಿದಿದೆ ಎಂಬ ನೆಪವೂ ನಿಲ್ಲದು: ಹೊಸ ಒಪ್ಪಂದ ಬರುವವರೆಗೆ ಹಳೆಯದರ ಷರತ್ತುಗಳು ಮುಂದುವರಿಯುತ್ತವೆ ಎಂಬುದು ಎಲ್‌ಐಸಿ ನೌಕರರದ್ದೇ ಡಿ.ಜೆ. ಬಹದ್ದೂರ್ ಪ್ರಕರಣದಿಂದ ನೆಲೆನಿಂತ ತತ್ವ. ಪಿಎಫ್ ವಂತಿಗೆಯ ಹೊರೆ ಹೆಚ್ಚಿತು ಎಂಬ ಕಾರಣಕ್ಕೆ ಈ ಪಾಲನ್ನು ಕಡಿದಿದ್ದರೆ, ಪಿಎಫ್ ಕಾಯ್ದೆಯ 12ನೇ ಕಲಂ ನಿಷೇಧಿಸಿರುವುದೂ ಅದನ್ನೇ.

ಹಾಗಾಗಿ ನೋಟಿಸಿನ ಫೋಟೋವನ್ನು ದಿನಾಂಕ ಕಾಣುವಂತೆ ತೆಗೆದುಕೊಂಡು, ಒಪ್ಪಂದದ ಆ ಕಲಂ ಉಲ್ಲೇಖಿಸಿ ಮ್ಯಾನೇಜ್‌ಮೆಂಟಿಗೆ ಆಕ್ಷೇಪಣೆ ಬರೆಯಿರಿ. ಜೊತೆಗೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಸಂಧಾನಾಧಿಕಾರಿಯ ಮುಂದೆ ವಿವಾದ ಎತ್ತಿ. ಕೇಂದ್ರ ಸರ್ಕಾರಿ ಉದ್ಯಮವಾದರೆ ಯಶವಂತಪುರದ ಶ್ರಮ ಸದನ. ಸಂಧಾನ ನಡೆಯುತ್ತಿರುವಾಗ ವಿವಾದದ ವಿಷಯವನ್ನು ಕಾರ್ಮಿಕರಿಗೆ ಪ್ರತಿಕೂಲವಾಗಿ ಬದಲಿಸುವಂತಿಲ್ಲ, ಆದ್ದರಿಂದ ಪಾಲು ನಿಲ್ಲುವ ಮೊದಲೇ ಹೋಗಬೇಕು.

ಗೇಟ್ ಸಭೆ, ಧರಣಿ ಬೇಡವೇ? ಬೇಕು, ಆದರೆ ಲೆಕ್ಕದ ಹಾಳೆಯನ್ನು ತಿದ್ದಿಸಲು ಅಲ್ಲ. ನಿಯಮವನ್ನೇ ಬದಲಿಸಬೇಕಾದ ಕಡೆ ಬೀದಿಗೆ ಬಲವಿದೆ. ಕಂಪನಿಯ ಪಾಲಿನ ಪಿಎಫ್ ಹಣವನ್ನು 58ರವರೆಗೆ ತೆಗೆಯುವಂತಿಲ್ಲ ಎಂಬ 2016ರ ನಿಯಮವನ್ನು ವಾಪಸ್ ಪಡೆಯುವಂತೆ ಮಾಡಿದ್ದು ಇದೇ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು. ಏಪ್ರಿಲ್ 18 ಮತ್ತು 19ರಂದು ಹೊಸೂರು ರಸ್ತೆಯಲ್ಲಿ ಅವರು ಕೂತರು, 19ರ ಸಂಜೆಗೆ ಕೇಂದ್ರ ಹಿಂದೆ ಸರಿಯಿತು. 2014ರ ಎರಡು ಭಾಗದ ಲೆಕ್ಕವೂ ಸಂಸತ್ತಿನ ಶಾಸನವಲ್ಲ, ಅಧಿಸೂಚನೆಯಿಂದ ಬಂದದ್ದು, ಅಧಿಸೂಚನೆಯಿಂದಲೇ ಹೋಗಬಹುದು.

ಕಾರ್ಮಿಕ ಭವನಕ್ಕೆ ಹೋಗುವ ಮುನ್ನ ಒಂದು ಕೆಲಸ ಮಾಡಿ. ಕೆಲಸದಲ್ಲಿರುವ ನಾಲ್ಕೈದು ಮಂದಿಯಿಂದ ಎಲ್‌ಐಸಿಯ ವಾರ್ಷಿಕ ಸದಸ್ಯ ವಿವರ ತರಿಸಿ, ಕಂಪನಿಯ ಪಾಲು ಕೊನೆಯದಾಗಿ ಯಾವ ತಿಂಗಳು ಜಮೆಯಾಗಿದೆ ನೋಡಿ. ನೋಟಿಸ್ ಅಂಟಿಸುವುದಕ್ಕೆ ವರ್ಷದ ಹಿಂದೆಯೇ ಕಟ್ಟುವುದು ನಿಂತಿರುವುದು ಅಪರೂಪವಲ್ಲ. ಹಾಗಿದ್ದರೆ ಬರಬೇಕಾದ ಬಾಕಿಯ ಬೇಡಿಕೆಯನ್ನು ಪ್ರತ್ಯೇಕವಾಗಿ, ಸದಸ್ಯರ ಹೆಸರು ಮತ್ತು ಮೊತ್ತದ ಪಟ್ಟಿ ಲಗತ್ತಿಸಿ ಸಲ್ಲಿಸಬೇಕು. ಆಗಲೇ ಎಲ್‌ಐಸಿ ಪಿಂಚಣಿಯ ಟ್ರಸ್ಟಿಗೆ ಬಿದ್ದಿರುವ ಹಣದ ಬಗ್ಗೆ ಆತಂಕ ಬೇಡ: ಅನುಮೋದಿತ ಪಿಂಚಣಿ ನಿಧಿ ಹಿಂದಕ್ಕೆ ಪಡೆಯಲಾಗದ ಟ್ರಸ್ಟಿನಲ್ಲಿರುತ್ತದೆ, ಕಂಪನಿ ಅದನ್ನು ತನ್ನ ಸಾಲಕ್ಕೆ ವಜಾ ಹಾಕಿಕೊಳ್ಳಲು ಬರುವುದಿಲ್ಲ.